ಗೊಬ್ಬರದ ಮಡಿಗೆ ಯಾವ ಬೆಳೆ?



“ಅವಳ ಕೈಗುಣ ಚೆನ್ನಾಗಿದೆ, ಏನು ನೆಟ್ಟರೂ ಬರುತ್ತದೆ. ನನ್ನ ಕೈಗೆ ಏನೂ ಹತ್ತುವುದಿಲ್ಲ” ಎಂಬ ಮಾತನ್ನು ನೀವು ಕೇಳಿರುತ್ತೀರಿ. ನೀವೇ ಆಡಿರಲೂಬಹುದು. ಹಿತ್ತಲಿನ ಅವರೆ ಬಳ್ಳಿ ಚಪ್ಪರದ ತುಂಬಾ ಹಬ್ಬಿರುತ್ತದೆ, ಕಾಯಿ ಮಾತ್ರ ಹತ್ತೋ ಹನ್ನೆರಡೋ. ಟೊಮೆಟೊ ಗಿಡ ಎದೆಯುದ್ದ ಬೆಳೆದು ಕಡುಹಸಿರಾಗಿ ನಿಂತಿರುತ್ತದೆ, ಹೂವು ಕಾಣದು. ಮೂಲಂಗಿ ಕಿತ್ತರೆ ಒಂದೇ ಗೆಡ್ಡೆಗೆ ಮೂರು ಕಾಲು. ಮನೆಯವರು ನಗುತ್ತಾರೆ. “ಇಷ್ಟು ಗೊಬ್ಬರ ತರಿಸಿದೆಯಲ್ಲ, ಆ ದುಡ್ಡಿಗೆ ಒಂದು ತಿಂಗಳ ತರಕಾರಿ ಬರುತ್ತಿತ್ತು” ಎಂದೂ ಹೇಳುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಆ ಮಡಿಯಲ್ಲಿ ಬಟ್ಟೆ ಒಣಹಾಕುವ ಕಂಬ ನಿಂತಿರುತ್ತದೆ.

ಇದರಲ್ಲಿ ಕೈಗುಣದ ಪ್ರಶ್ನೆಯೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಬೆಳೆಯ ಆಯ್ಕೆ. ಗೊಬ್ಬರ ಹಾಕಿದ ಮಡಿಯಲ್ಲಿ ಗೊಬ್ಬರ ಕೇಳುವ ಗಿಡವನ್ನೇ ನೆಡಬೇಕು. ಅದು ಬೇಡದ ಗಿಡಕ್ಕೆ ಬಡಿಸಿದರೆ ಅದು ಎಲೆ ಬೆಳೆಸಿಕೊಂಡು ಕೂರುತ್ತದೆ, ನಿಮ್ಮ ಬುಟ್ಟಿಗೆ ಏನೂ ಕೊಡುವುದಿಲ್ಲ.

ನಮ್ಮ ಉಪ್ಪಾರಹಳ್ಳಿಯಂತಹ ಬಡಾವಣೆಗಳಲ್ಲಿ ಹಿತ್ತಲು ಎಂದರೆ ಎಷ್ಟು ಮಹಾ? ಗೋಡೆಯ ಪಕ್ಕ ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಒಂದೆರಡು ಮಡಿಗೆ ಜಾಗ ಸಿಕ್ಕರೆ ದೊಡ್ಡದು. ಮಣ್ಣಿನಲ್ಲಿ ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಗಾರೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಹುಪಾಲು ಇರುವುದು ಕೆಂಪು ಮರಳು ಮಿಶ್ರಿತ ಮಣ್ಣು. ನೀರು ಹಾಕಿದ ಸ್ವಲ್ಪ ಹೊತ್ತಿಗೇ ಒಣಗುತ್ತದೆ, ಸಾರವೂ ಕಡಿಮೆ. ಆದ್ದರಿಂದ ಗೊಬ್ಬರ ಬೇಕೇ ಬೇಕು. ಆದರೆ ಜಾಗ ಇಷ್ಟೇ ಇರುವಾಗ ಒಂದು ಬೆಳೆ ಕೈಕೊಟ್ಟರೆ ಒಂದು ಋತುವೇ ಹೋದಂತೆ. ಹೊಲದವರಿಗೆ ಇನ್ನೊಂದು ಸಾಲಿರುತ್ತದೆ, ನಮಗಿಲ್ಲ.

ಬೀಜ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಗಿಡದಲ್ಲಿ ನಾವು ತಿನ್ನುವುದು ಯಾವ ಭಾಗವನ್ನು? ಅದನ್ನು ಬೇಯಿಸಿ ತಿನ್ನುತ್ತೇವೆಯೋ, ಹಸಿಯಾಗಿಯೋ?

ಮೊದಲನೆಯ ಪ್ರಶ್ನೆಯನ್ನು ನೋಡೋಣ. ಗೊಬ್ಬರದಲ್ಲಿರುವ ಸಾರಜನಕ ಮುಖ್ಯವಾಗಿ ಎಲೆ ಮತ್ತು ಕಾಂಡವನ್ನು ಬೆಳೆಸುತ್ತದೆ. ಎಲೆಯನ್ನೇ ತಿನ್ನುವ ದಂಟು, ಹರಿವೆ, ಕೀರೆ, ಪಾಲಕ್, ಬಸಳೆಗೆ ಅದು ಚೆನ್ನಾಗಿ ಸಿಕ್ಕರೆ ನಮಗೇ ಲಾಭ. ಹೊಸದಾಗಿ ಗೊಬ್ಬರ ಸೇರಿಸಿದ ಮಡಿಗೆ ಮೊದಲ ಬೆಳೆಯಾಗಿ ನಾನು ಹೇಳುವುದು ಹರಿವೆ ಸೊಪ್ಪನ್ನು. ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಸಾರಿಗೆ ಸೊಪ್ಪು ಬರುತ್ತದೆ. ಮೊದಲ ಸಲ ಮಡಿ ಮಾಡಿದವರಿಗೆ ಇದು ಕೊಡುವಷ್ಟು ಧೈರ್ಯವನ್ನು ಬೇರಾವ ಬೆಳೆಯೂ ಕೊಡದು. ಕಿತ್ತು ತೆಗೆಯದೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಎಂಬ ಹರಿವೆ ಹೀಗೆ ಹಲವು ಸಲ ಕೊಯ್ಯುವುದಕ್ಕೆಂದೇ ಇರುವ ತಳಿ.

ಎರಡನೆಯದು ಬಳ್ಳಿ ತರಕಾರಿಗಳು. ಸೋರೆ, ಹೀರೆ, ಹಾಗಲ, ಪಡವಲ, ಸಿಹಿಕುಂಬಳ. ಇವು ಗೊಬ್ಬರದ ವಿಷಯದಲ್ಲಿ ಹೊಟ್ಟೆಬಾಕರು. ಹಳ್ಳಿಯ ತಿಪ್ಪೆಗಳನ್ನು ನೋಡಿ. ಯಾರೂ ಬಿತ್ತದೆ, ಯಾರೂ ನೀರು ಹಾಕದೆ ಕುಂಬಳ ಬಳ್ಳಿ ತಾನಾಗಿ ಎದ್ದು ತಿಪ್ಪೆಯನ್ನೇ ಮುಚ್ಚಿ ಕಾಯಿ ಬಿಟ್ಟಿರುತ್ತದೆ. ಅಲ್ಲಿ ಅವರೆ ಬೆಳೆದದ್ದನ್ನು ಯಾರಾದರೂ ಕಂಡಿದ್ದೀರಾ? ಒಂದು ಗುಣಿಗೆ ಒಂದು ಬುಟ್ಟಿ ಕಳಿತ ಗೊಬ್ಬರ ಹಾಕಿ ಎರಡು ಸೋರೆ ಬೀಜ ಊರಿ, ಬಳ್ಳಿಯನ್ನು ತಾರಸಿಗೋ ಶೀಟಿನ ಮೇಲಕ್ಕೋ ಹತ್ತಿಸಿದರೆ ಜಾಗವೂ ಉಳಿಯುತ್ತದೆ. ದಾಲ್ಚಾಕ್ಕೆ ಎಳೆ ಸೋರೆಕಾಯಿ ಅಂಗಡಿಯಲ್ಲಿ ಹುಡುಕುವ ಕಷ್ಟವೂ ತಪ್ಪುತ್ತದೆ. ಪ್ರವಾದಿ(ಸ)ರಿಗೆ ಸೋರೆ ಇಷ್ಟವಾಗಿತ್ತೆಂದು ಅನಸ್(ರ)ರ ಹದೀಸ್‌ನಿಂದ ನಮಗೆಲ್ಲ ಗೊತ್ತು. ಅದು ಬೆಳೆಯುವುದೂ ಇಷ್ಟು ಸುಲಭವೆಂದು ಗೊತ್ತಿರುವವರು ಕಡಿಮೆ.

ಬದನೆಯನ್ನೂ ಈ ಗುಂಪಿಗೆ ಸೇರಿಸಿ. ತಿಂಗಳುಗಟ್ಟಲೆ ಕಾಯಿ ಕೊಡುವ ಗಿಡ ಅದು, ತಿಂಗಳುಗಟ್ಟಲೆ ಊಟವನ್ನೂ ಕೇಳುತ್ತದೆ. ಬೆಂಡೆಗೂ ಗೊಬ್ಬರದ ಮಡಿ ಹಿಡಿಸುತ್ತದೆ.

ಯಾವ ಗೊಬ್ಬರ ಯಾವ ಬೆಳೆಗೆ ಎಂಬ ಯೋಚನೆ ಇಂದಿನದಲ್ಲ. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನುಲ್ ಅವ್ವಾಮ್ ಎಂಬ ವಿದ್ವಾಂಸರು ಅರಬಿ ಭಾಷೆಯಲ್ಲಿ ಬರೆದ ‘ಕಿತಾಬುಲ್ ಫಿಲಾಹಾ’ ಎಂಬ ಕೃಷಿ ಗ್ರಂಥದಲ್ಲಿ ಗೊಬ್ಬರಗಳಿಗಾಗಿಯೇ ಒಂದು ಅಧ್ಯಾಯವಿದೆ. ಇರಾನಿನ ಇಸ್ಫಹಾನ್ ನಗರದ ಸುತ್ತ 17ನೇ ಶತಮಾನದ ಹೊತ್ತಿಗೆ ಕಟ್ಟಿದ ಪಾರಿವಾಳದ ಗೋಪುರಗಳು ಇಂದೂ ನಿಂತಿವೆ. ಸಾವಿರಾರು ಪಾರಿವಾಳಗಳು ಗೂಡು ಮಾಡಲೆಂದು ಒಳಗೋಡೆಯ ತುಂಬಾ ಗೂಡುಗಳಿರುವ ಗೋಪುರಗಳವು. ಅಲ್ಲಿ ಬಿದ್ದ ಹಿಕ್ಕೆಯನ್ನು ಬಳಿದು ಮುಖ್ಯವಾಗಿ ಕರಬೂಜದ ಹೊಲಗಳಿಗೆ ಹಾಕುತ್ತಿದ್ದರು. ಕರಬೂಜವೂ ಸೋರೆ, ಕುಂಬಳಗಳ ಬಂಧುವೇ. ಪಾರಿವಾಳದಂತಹ ಉಗ್ರ ಗೊಬ್ಬರವನ್ನು ಯಾರಿಗೆ ಕೊಡಬೇಕೆಂದು ಆ ರೈತರಿಗೆ ಚೆನ್ನಾಗಿ ಗೊತ್ತಿತ್ತು.

ನೀವೂ ಕರಬೂಜ ಹಾಕಿ ನೋಡಬಹುದು. ಬಿತ್ತಿ ಸುಮಾರು ಎಂಬತ್ತು ತೊಂಬತ್ತು ದಿನಕ್ಕೆ ಹಣ್ಣು. 2025ರಲ್ಲಿ ರಮಝಾನ್ ಮಾರ್ಚ್ ತಿಂಗಳಲ್ಲಿತ್ತು. ವರ್ಷಕ್ಕೆ ಹನ್ನೊಂದು ದಿನದಂತೆ ಅದು ಹಿಂದಕ್ಕೆ ಸರಿಯುತ್ತದೆ. ಲೆಕ್ಕ ಹಾಕಿ ಬಿತ್ತಿದರೆ ಇಫ್ತಾರಿನ ತಟ್ಟೆಗೆ ಸ್ವಂತ ಬಳ್ಳಿಯ ಹಣ್ಣು ಬಂದೀತು. ಚಳಿ ಹೆಚ್ಚಿರುವಾಗ ಬೀಜ ಮೊಳೆಯುವುದು ನಿಧಾನ ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಇನ್ನು ಗೊಬ್ಬರ ಬೇಡದವರು. ಇವರಲ್ಲಿ ಮೊದಲಿಗರು ಅವರೆ, ಹುರುಳಿಕಾಯಿ, ಅಲಸಂದೆ, ತೊಗರಿ. ಈ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅಲ್ಲಾಹನು ಅದಕ್ಕೆ ಅಡುಗೆಮನೆಯನ್ನು ಬೇರಿನಲ್ಲೇ ಇಟ್ಟಿದ್ದಾನೆ. ಹೊರಗಿನಿಂದ ಬುಟ್ಟಿಗಟ್ಟಲೆ ಸುರಿದರೆ ಬಳ್ಳಿ ಹಬ್ಬುತ್ತದೆ, ಹೂವು ಬಿಡುವುದನ್ನು ಮುಂದೂಡುತ್ತದೆ. “ಆಪಾ, ಬಳ್ಳಿಯಲ್ಲಿ ಕಾಯಿಯೇ ಇಲ್ಲ, ಇನ್ನೂ ಒಂದು ಬುಟ್ಟಿ ಗೊಬ್ಬರ ಹಾಕಲಾ?” ಎಂದು ನನ್ನನ್ನು ಕೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಹಾಕಬೇಡಿ. ಹಾಕಿದಷ್ಟೂ ಕಾಯಿ ದೂರವಾಗುತ್ತದೆ.

ಅವರೆಯಲ್ಲಿ ಇನ್ನೊಂದು ವಿಷಯವಿದೆ. ನಮ್ಮ ಕಡೆಯ ಸೊಗಡಿನ ಅವರೆ ಹಗಲು ಚಿಕ್ಕದಾಗುವ ಚಳಿಗಾಲ ಬರುವವರೆಗೆ ಹೂ ಬಿಡುವುದಿಲ್ಲ. ಜನವರಿಯಲ್ಲಿ ಬಿತ್ತಿ ಏಪ್ರಿಲ್‌ನಲ್ಲಿ ಕಾಯಿ ಹುಡುಕಿದರೆ ಸಿಗದು. ಮಳೆಗಾಲದಲ್ಲಿ, ಜುಲೈ ಆಗಸ್ಟ್ ಹೊತ್ತಿಗೆ ಬಿತ್ತಬೇಕು. ಎಲ್ಲಾ ಕಾಲದಲ್ಲೂ ಬೇಕೆನ್ನುವವರಿಗೆ ಹೆಸರಘಟ್ಟದ ‘ಅರ್ಕಾ ಜಯ’, ‘ಅರ್ಕಾ ವಿಜಯ’ ಎಂಬ ಗಿಡ್ಡ ತಳಿಗಳಿವೆ. ಅವುಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಸೊಗಡು ಮಾತ್ರ ಹಳೆಯ ಅವರೆಯದೇ ಹೆಚ್ಚು, ಇದು ನನ್ನ ನಾಲಿಗೆಯ ತೀರ್ಪು.

ಟೊಮೆಟೊ ಮತ್ತು ಮೆಣಸಿನ ಗಿಡಗಳು ಮಧ್ಯದವು. ನೆಡುವಾಗ ಒಂದು ಬೊಗಸೆ, ಹೂ ಬಂದ ಮೇಲೆ ಇನ್ನೊಂದು ಬೊಗಸೆ ಸಾಕು. ಅತಿಯಾದರೆ ಎಲೆ ಮೆತ್ತಗಾಗಿ ಹೇನು ಮುತ್ತುತ್ತದೆ.

ಗೆಡ್ಡೆಗಳು ಗೊಬ್ಬರದ ಮಡಿಗೆ ನೇರವಾಗಿ ಬರಲೇಬಾರದು. ಮೂಲಂಗಿ, ಗಜ್ಜರಿಯ ಬೇರು ಕೆಳಗಿಳಿಯುವಾಗ ಹಸಿ ಗೊಬ್ಬರದ ಉಂಡೆಯೋ ಕಲ್ಲೋ ಸಿಕ್ಕರೆ ಕವಲೊಡೆಯುತ್ತದೆ. ನಾನು ಮೊದಲು ಹೇಳಿದ ಮೂರು ಕಾಲಿನ ಮೂಲಂಗಿ ಹುಟ್ಟುವುದು ಹೀಗೆ. ಈರುಳ್ಳಿಗೆ ಗೊಬ್ಬರ ಹೆಚ್ಚಾದರೆ ಕತ್ತು ದಪ್ಪವಾಗಿ, ಇಟ್ಟರೆ ಬೇಗ ಕೊಳೆಯುತ್ತದೆ. ಮೂಲಂಗಿಯಲ್ಲಿ ‘ಅರ್ಕಾ ನಿಶಾಂತ್’ ಎಂಬ ತಳಿ ಕವಲೊಡೆಯುವುದು ಕಡಿಮೆ. ಹಾಗೆಂದು ಅದನ್ನೂ ಹಸಿ ಗೊಬ್ಬರದಲ್ಲಿ ಹಾಕಿ ಪರೀಕ್ಷಿಸಬೇಕಾಗಿಲ್ಲ.

ಹಾಗಾದರೆ ಒಂದೇ ಮಡಿ ಇರುವವರು ಏನು ಮಾಡಬೇಕು? ಸರದಿ ಮಾಡಿ. ಗೊಬ್ಬರ ಹಾಕಿದ ಕೂಡಲೇ ಸೊಪ್ಪು. ಸೊಪ್ಪು ಮುಗಿದ ಮೇಲೆ ಅದೇ ಮಡಿಗೆ ಮತ್ತೆ ಗೊಬ್ಬರ ಹಾಕದೆ ಮೂಲಂಗಿ, ನಲವತ್ತು ನಲವತ್ತೈದು ದಿನಕ್ಕೆ ಬರುತ್ತದೆ. ಆಮೇಲೆ ಹುರುಳಿಕಾಯಿ, ಅದಕ್ಕೆ ಎರಡು ತಿಂಗಳು. ಕಾಯಿ ಬಿಡಿಸಿದ ಮೇಲೆ ಗಿಡವನ್ನು ಕೀಳದೆ ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಅಲ್ಲಿಗೆ ಸುಮಾರು ಐದು ತಿಂಗಳಲ್ಲಿ ಒಂದು ಸಲದ ಗೊಬ್ಬರಕ್ಕೆ ಮೂರು ಬೆಳೆ. ಮತ್ತೆ ಗೊಬ್ಬರ, ಮತ್ತೆ ಸೊಪ್ಪೋ ಬದನೆಯೋ.

ಗೊಬ್ಬರ ಎಷ್ಟು ಎನ್ನುವಿರಾ? ತರಕಾರಿಗೆ ಎಕರೆಗೆ ಸುಮಾರು 10 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಕೃಷಿಯವರ ಸಾಮಾನ್ಯ ಲೆಕ್ಕ. ಅದನ್ನು ಇಳಿಸಿದರೆ ನಾಲ್ಕಡಿ ಹತ್ತಡಿಯ ಮಡಿಗೆ 9-10 ಕಿಲೋ ಆಗುತ್ತದೆ, ಅಷ್ಟೇ. ಆದರೆ ಇದು ದನದ ಗೊಬ್ಬರದ ಲೆಕ್ಕ. 100 ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಕಿಲೋದಷ್ಟಿದ್ದರೆ, ಒಣಗಿದ ಕುರಿ, ಮೇಕೆ ಗೊಬ್ಬರದಲ್ಲಿ ಸುಮಾರು 3 ಕಿಲೋ, ಕೋಳಿ ಗೊಬ್ಬರದಲ್ಲೂ ಸುಮಾರು 3 ಕಿಲೋ. ಅಂದರೆ ದನದ ಗೊಬ್ಬರ ಹತ್ತು ಕಿಲೋ ಹಾಕುವಲ್ಲಿ ಕುರಿಯದು ಎರಡು ಕಿಲೋಗಿಂತ ಹೆಚ್ಚು ಬೇಡ. ಶಿರಾ, ಪಾವಗಡದ ಕಡೆ ಕುರಿಮಂದೆಯನ್ನು ಹೊಲದಲ್ಲಿ ತಂಗಿಸಿಕೊಳ್ಳಲು ರೈತರು ಏಕೆ ಬಯಸುತ್ತಾರೆಂದು ಈಗ ಅರ್ಥವಾಯಿತಲ್ಲವೇ? ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ ನಮ್ಮ ಪಕ್ಕದಲ್ಲೇ ಇದೆ. ಕುದುರೆ ಲದ್ದಿ ಯಾರಿಗಾದರೂ ಸಿಕ್ಕಿದರೆ ಚೆನ್ನಾಗಿ ಕೊಳೆಸಿಯೇ ಬಳಸಿ. ಅದು ಬಹಳ ಬಿಸಿಯೇಳುತ್ತದೆ, ಅದರಲ್ಲಿ ಹುಲ್ಲಿನ ಬೀಜವೂ ಜೀವಂತವಾಗಿರುತ್ತದೆ.

ಕೋಳಿ ಗೊಬ್ಬರದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಫಾರಂನಿಂದ ತಂದ ಚೀಲವನ್ನು ಹಾಗೆಯೇ ಗಿಡದ ಬುಡಕ್ಕೆ ಸುರಿದರೆ ಎಲೆಯ ಅಂಚು ಸುಟ್ಟಂತಾಗಿ ಗಿಡ ಸಾಯುತ್ತದೆ. ಅದರಲ್ಲಿ ಉಪ್ಪಿನಂಶವೂ ಹೆಚ್ಚು. ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಹೆಸರು ಹೊತ್ತ ಊರಿನವರು ನಾವು, ಮಡಿಯ ಮೇಲೆ ಬಿಳಿ ಪೊರೆ ಕಟ್ಟಿದರೆ ಅದೇನೆಂದು ಗುರುತಿಸಬೇಕಲ್ಲವೇ? ಒಣ ಎಲೆ, ಮಣ್ಣು ಬೆರೆಸಿ ಮೂರು ನಾಲ್ಕು ತಿಂಗಳು ಇಟ್ಟ ಮೇಲೆಯೇ ಅದು ಬಳಕೆಗೆ ಬರುತ್ತದೆ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯುವುದು ಸುಲಭ. ಮುಟ್ಟಿದರೆ ಬಿಸಿ ಇರಬಾರದು, ಮೂಗಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನವಿದ್ದರೆ ಒಂದು ತೆಂಗಿನ ಚಿಪ್ಪಿನಲ್ಲಿ ಅದನ್ನು ತುಂಬಿ ಒಂದು ಚಿಟಿಕೆ ರಾಗಿ ಚೆಲ್ಲಿ. ವಾರದೊಳಗೆ ಪೈರು ಒಂದೇ ಸಮನೆ ಹಸಿರಾಗಿ ಎದ್ದರೆ ಸರಿ. ಮೊಳೆಯದಿದ್ದರೆ ಅಥವಾ ಮೊಳೆತು ಹಳದಿಯಾದರೆ ಇನ್ನೂ ಒಂದು ತಿಂಗಳು ಬಿಡಿ. ಕಳಿಯದ ಗೊಬ್ಬರದಲ್ಲಿ ಬಿಳಿ ಗೊಣ್ಣೆಹುಳುಗಳಿದ್ದರೆ ಆರಿಸಿ ತೆಗೆಯಿರಿ. ಅವು ಬೇರು ತಿನ್ನುತ್ತವೆ. ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿ ಮೊಟ್ಟೆಯಿಡುವುದೂ ಇಂತಹ ಗುಂಡಿಗಳಲ್ಲೇ. ಅದು ತೆಂಗಿನ ಸುಳಿ ಕೊರೆಯುತ್ತದೆ. ಬಿಚ್ಚಿದ ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ತೆಂಗನ್ನು ನಂಬಿ ಬದುಕುವ ಈ ಸೀಮೆಯಲ್ಲಿ ನಮ್ಮ ತೆರೆದ ಗೊಬ್ಬರದ ಗುಂಡಿ ಪಕ್ಕದವರ ಮರಕ್ಕೆ ಕೇಡಾಗಬಾರದು. ತಿಂಗಳಿಗೊಮ್ಮೆ ಮಗುಚಿ ನೋಡಿ.

ಬಕ್ರೀದ್ ಹಬ್ಬದ ಮುಂಚೆ ನಮ್ಮ ಎಷ್ಟೋ ಮನೆಗಳಲ್ಲಿ ಹತ್ತು ಹದಿನೈದು ದಿನ ಮೇಕೆ ಅಥವಾ ಟಗರು ಇರುತ್ತದೆ. ಅದರ ಹಿಕ್ಕೆ, ತಿಂದು ಬಿಟ್ಟ ಸೊಪ್ಪು ಎಲ್ಲವೂ ಗೊಬ್ಬರವೇ. ಗುಡಿಸಿ ಚರಂಡಿಗೆ ಹಾಕಬೇಡಿ. 2024ರಲ್ಲಿ ಹಬ್ಬ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂದಿತ್ತು, ಮುಂಗಾರಿನ ಹೊತ್ತಿಗೆ ಸರಿಯಾಗಿ. ಕುರ್ಬಾನಿಯ ನಂತರ ಹೊಟ್ಟೆಯೊಳಗಿನ ಅರೆಜೀರ್ಣವಾದ ಮೇವನ್ನು ಬಾಳೆಯ ಪಕ್ಕ ಮೂರಡಿ ಆಳದ ಗುಂಡಿಯಲ್ಲಿ ಒಣ ಎಲೆಯೊಂದಿಗೆ ಹೂತು ಮಣ್ಣು ಮುಚ್ಚಬಹುದು. ಬಾವಿಯಿಂದ ದೂರವಿರಲಿ. ಗುಂಡಿ ಆಳವಿಲ್ಲದಿದ್ದರೆ ರಾತ್ರಿ ನಾಯಿಗಳು ಬಗೆಯುತ್ತವೆ, ಬೆಳಿಗ್ಗೆ ಬೀದಿಯವರ ಮಾತು ಕೇಳಬೇಕಾಗುತ್ತದೆ.

ಇಲ್ಲಿ ಕೆಲವು ಸಹೋದರಿಯರಿಗೆ ಒಂದು ಸಂಶಯ ಬರುತ್ತದೆ. ಸೆಗಣಿ, ಹಿಕ್ಕೆ ನಜಸ್ ಅಲ್ಲವೇ, ಅದರಲ್ಲಿ ಬೆಳೆದದ್ದನ್ನು ತಿನ್ನಬಹುದೇ ಎಂದು. ಬಹುಪಾಲು ವಿದ್ವಾಂಸರ ಅಭಿಪ್ರಾಯದಂತೆ ಅಂತಹ ಗೊಬ್ಬರದಲ್ಲಿ ಬೆಳೆದ ಬೆಳೆ ಶುದ್ಧವೇ, ತಿನ್ನಬಹುದು. ಹೊರಗೆ ಅಂಟಿದ ಕೊಳೆಯನ್ನು ತೊಳೆಯಬೇಕು. ಆದರೆ ತೊಳೆದರೆ ಎಲ್ಲವೂ ಮುಗಿಯಿತೇ? ಆರೋಗ್ಯದ ದೃಷ್ಟಿಯಿಂದ ಅಷ್ಟು ಸಾಲದು. ನನ್ನ ಎರಡನೆಯ ಪ್ರಶ್ನೆ ಬರುವುದು ಇಲ್ಲಿಗೆ.

ಬಿರಿಯಾನಿಗೂ ರಾಯತಕ್ಕೂ ನಮಗೆ ದಿನವೂ ಬೇಕಾಗುವುದು ಪುದೀನಾ, ಕೊತ್ತಂಬರಿ. ಹೊಸ ಮಡಿ ಆದ ಕೂಡಲೇ ಹೆಚ್ಚಿನವರು ಹಾಕುವುದೂ ಅವನ್ನೇ. ರಾಯತಕ್ಕೆ ಹೆಚ್ಚುವುದು ಹಸಿ ಸೊಪ್ಪು. ಸೌತೆ, ಈರುಳ್ಳಿ ಹೂವು, ಮೂಲಂಗಿಯೂ ಹಸಿಯೇ. ಹಸಿ ಸೆಗಣಿಯಲ್ಲಿರುವ ಕೆಲವು ರೋಗಾಣುಗಳು ಎಲೆಯ ಮಡಿಕೆಯಲ್ಲಿ ಉಳಿದರೆ ಮೇಲೆ ನೀರು ಹರಿಸಿದ ಮಾತ್ರಕ್ಕೆ ಹೋಗುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪನ್ನು ಹಸಿಯಾಗಿ ತಿಂದ ಸುಮಾರು 200 ಜನ ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ತನಿಖೆ ಮಾಡಿದಾಗ ಅದೇ ಇ-ಕೋಲಿ ರೋಗಾಣು ಕ್ಯಾಲಿಫೋರ್ನಿಯಾದ ಹೊಲದ ಹತ್ತಿರದ ದನಗಳ ಸೆಗಣಿಯಲ್ಲಿ ಸಿಕ್ಕಿತು. ದೊಡ್ಡವರಿಗೆ ಎರಡು ದಿನದ ಹೊಟ್ಟೆನೋವಾಗಿ ಹೋಗುವಂಥದ್ದು ಸಣ್ಣ ಮಕ್ಕಳಿಗೆ ಮೂತ್ರಪಿಂಡದವರೆಗೆ ತೊಂದರೆ ಕೊಡಬಲ್ಲದು.

ಆ ದೇಶದ ಸಾವಯವ ಕೃಷಿಯ ನಿಯಮದಲ್ಲಿ ಒಂದು ಲೆಕ್ಕವಿದೆ. ಹಸಿ ಗೊಬ್ಬರ ಹಾಕಿದ ನೆಲದಲ್ಲಿ, ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನಗಳ ಮುಂಚೆ, ತಾಗದ ಬೆಳೆಯಾದರೆ 90 ದಿನಗಳ ಮುಂಚೆ ಗೊಬ್ಬರ ಹಾಕಿ ಮುಗಿಸಿರಬೇಕು. ಕೊತ್ತಂಬರಿ ಕೊಯ್ಲಿಗೆ ಬರುವುದು ನಲವತ್ತು ದಿನಕ್ಕೆ. ಅಂದರೆ ಹಸಿ ಗೊಬ್ಬರಕ್ಕೂ ಕೊತ್ತಂಬರಿಗೂ ಹೊಂದಿಕೆಯೇ ಇಲ್ಲ. ರಾಶಿ ಹಾಕಿದ ಗೊಬ್ಬರ 55 ಡಿಗ್ರಿ ದಾಟಿ ಹಲವು ದಿನ ಬಿಸಿಯಾಗಿದ್ದರೆ ರೋಗಾಣುಗಳು ಸಾಯುತ್ತವೆ. ಮನೆಯ ಸಣ್ಣ ಗುಂಡಿ ಅಷ್ಟು ಬಿಸಿಯಾಗುವುದು ಅಪರೂಪ. ಆದ್ದರಿಂದ ನಾವು ಕಾಯಬೇಕಾದದ್ದು ದಿನಗಳನ್ನೇ.

ಪುದೀನಾ ಕೊತ್ತಂಬರಿಗೆ ಬೇರೆಯೇ ಒಂದು ತೊಟ್ಟಿಯನ್ನೋ ಸಿಮೆಂಟ್ ಚೀಲವನ್ನೋ ಇಡಿ. ಅದಕ್ಕೆ ಹಳೆಯ, ಪೂರ್ತಿ ಕಳಿತ ಗೊಬ್ಬರ ಸ್ವಲ್ಪ ಸಾಕು. ಹೆಚ್ಚು ಹಾಕಿದರೆ ಎಲೆ ಅಗಲವಾಗುತ್ತದೆ, ಘಮ ಇಳಿಯುತ್ತದೆ. ನೀರನ್ನು ಬುಡಕ್ಕೆ ಹಾಕಿ, ಮಣ್ಣು ಎಲೆಗೆ ಸಿಡಿಯಬಾರದು. ಮೋರಿ ನೀರನ್ನಂತೂ ಯಾವ ಸೊಪ್ಪಿಗೂ ಬಿಡಬೇಡಿ. ಸಗಣಿಗಿಂತ ಅದು ಅಪಾಯ. ಬೇಯಿಸುವ ಬದನೆ, ಸೋರೆ, ಹರಿವೆಗೆ ಇಷ್ಟು ಹೆದರಬೇಕಾಗಿಲ್ಲ, ಕುದಿ ಬಂದರೆ ಕೆಲಸ ಮುಗಿಯಿತು.

ಹಣ್ಣಿನ ಗಿಡಗಳ ಮಾತು ಸ್ವಲ್ಪ. ಗೊಬ್ಬರವನ್ನು ಸಂತೋಷದಿಂದ ಉಣ್ಣುವುದು ಬಾಳೆ. ಅಡುಗೆಮನೆಯ ನೀರು ಹೋಗುವ ಕಡೆ ಒಂದು ಏಲಕ್ಕಿ ಬಾಳೆ ಇಟ್ಟರೆ ಸಾಕು. ಸುತ್ತ ಏಳುವ ಕಂದುಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಇಲ್ಲದಿದ್ದರೆ ಗೊನೆ ಚಿಕ್ಕದಾಗುತ್ತದೆ. ನಿಂಬೆಗೆ ಗೊಬ್ಬರವನ್ನು ಬುಡಕ್ಕೆ ಒತ್ತದೆ, ಕೊಂಬೆಯ ತುದಿಯ ನೇರಕ್ಕೆ ಸುತ್ತ ಹಾಕಬೇಕು. ನುಗ್ಗೆಗೆ ಗೊಬ್ಬರ, ನೀರು ಎರಡೂ ಹೆಚ್ಚಾದರೆ ಬರೀ ಸೊಪ್ಪು. ಸೊಪ್ಪೇ ಬೇಕೆನ್ನುವವರಿಗೆ ಅಡ್ಡಿಯಿಲ್ಲ. ಗುಬ್ಬಿ ತಾಲೂಕಿನ ಚೇಳೂರಿನ ಕೆಂಪು ತೊಳೆಯ ‘ಸಿದ್ದು’ ಹಲಸು ಹೆಸರುವಾಸಿಯಾದ ಮೇಲೆ ಅದನ್ನೂ ಹಾಕಲೇ ಎಂದು ಕೇಳುವವರಿದ್ದಾರೆ. ಹಣ್ಣು ಚಿಕ್ಕದು ನಿಜ, ಮರ ಚಿಕ್ಕದಲ್ಲ. ಊರಿನಲ್ಲಿ ಜಮೀನಿದ್ದವರು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಕಸಿ ಸಸಿ ವಿಚಾರಿಸಲಿ. ಕಾಂಪೌಂಡ್ ಗೋಡೆಯ ಪಕ್ಕ ಅದು ಬೇಡ.

ಪಪ್ಪಾಯಿಯನ್ನು ಮಾತ್ರ ಎಲ್ಲರೂ ಹಾಕಿ. ಗೊಬ್ಬರ ಬೇಕು, ನೀರು ನಿಲ್ಲಬಾರದು, ಆದ್ದರಿಂದ ಗುಣಿಯ ಮಧ್ಯ ಮಣ್ಣು ಏರಿಸಿ ನೆಡಿ. ತಿಂದ ಹಣ್ಣಿನ ಬೀಜದಿಂದ ಬೆಳೆಸುವವರು ಒಂದೇ ಗುಣಿಗೆ ಮೂರು ಸಸಿ ಇಡಬೇಕು. ನಾಲ್ಕೈದು ತಿಂಗಳಲ್ಲಿ ಹೂ ಬಂದಾಗ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಉದ್ದ ಕಡ್ಡಿಯಲ್ಲಿ ಗೊಂಚಲಾಗಿ ಜೋತುಬಿದ್ದ ಸಣ್ಣ ಹೂಗಳಿದ್ದರೆ ಅದು ಗಂಡು, ಕಾಯಿ ಬಿಡದು. ಕಾಂಡಕ್ಕೆ ಅಂಟಿಕೊಂಡು, ಬುಡ ಉಬ್ಬಿದ ದಪ್ಪ ಹೂವಿದ್ದರೆ ಹೆಣ್ಣು. ಅಂಥದ್ದೊಂದನ್ನು ಉಳಿಸಿ ಉಳಿದೆರಡನ್ನು ಕತ್ತರಿಸಿ. ಬೀದಿಯಲ್ಲಿ ಬೇರೆಲ್ಲೂ ಪಪ್ಪಾಯಿ ಇಲ್ಲವಾದರೆ ಒಂದು ಗಂಡು ಗಿಡವನ್ನೂ ಮೂಲೆಯಲ್ಲಿ ಬಿಟ್ಟಿರಿ. ‘ಅರ್ಕಾ ಸೂರ್ಯ’, ‘ಅರ್ಕಾ ಪ್ರಭಾತ್’ ತಳಿಗಳ ಸಸಿ ಸಿಕ್ಕಿದರೆ ಈ ಚಿಂತೆಯಿಲ್ಲ, ಅವುಗಳಲ್ಲಿ ಗಂಡು ಗಿಡ ಬರುವುದಿಲ್ಲ.